ಇದ್ದಲಿ ಒಲಿಯಿಂದ ಚಾರ್ಜರ್ ತನಕ: ಸೋಲ್ಡರಿಂಗ್ ಐರನ್ನಿನ ಕಥಿ

ಈ ವಾರ ಅಡಗಿ ವಿಷಯ ಅಲ್ರಿ. ನಮ್ಮ ನಾದಿನಿ, ಎದುರುಮನಿ ಮೌಶಿ, ಆಮ್ಯಾಲೆ ಬೆಂಗಳೂರಾಗ ಇರೋ ನಮ್ಮ ಕಾಕಾನ ಮಗಳು, ಮೂರೂ ಮಂದಿ ಬ್ಯಾರೆ ಬ್ಯಾರೆ ದಿವಸ ನನಗ ಒಂದೇ ಪ್ರಶ್ನೆ ಕೇಳ್ಯಾರ. “ನೀ ಮನ್ಯಾಗ ಲೈಟಿನ ಸರ, ಹುಡುಗರ ಆಟಿಗಿ ಸಾಮಾನು, ಚಾರ್ಜಿಂಗ್ ಲ್ಯಾಂಪು ಎಲ್ಲಾ ನೀನ ಬೆಸಗಿ ಹಾಕ್ಕೋತಿ. ನಮಗೂ ಒಂದು ಸಣ್ಣ ಸೋಲ್ಡರಿಂಗ್ ಐರನ್ ಬೇಕು, ಎಲ್ಲಿ ಬೇಕಾದ್ರೂ ಒಯ್ಯೋ ಹಂಗ ಇರಬೇಕು, ಯಾವದು ತಗೋಬೇಕು?” ಮೌಶಿಗೆ ಈಗ ಅರವತ್ತೆಂಟು. ಆಕಿ ಕೇಳಿದ್ದು ನನಗ ಭಾಳ ಖುಷಿ ಆತು. ಅಂಗಡಿಗೆ ಒಯ್ದ್ರ “ಹೊಸಾದ ತಗೋರಿ ಅಮ್ಮಾರ, ಈಗ ರಿಪೇರಿ ಯಾರು ಮಾಡತಾರ” ಅಂತಾರಂತ. ಒಂದು ವೈರ್ ಕಿತ್ತದ್ದಕ್ಕ ಇಡೀ ಲ್ಯಾಂಪ್ ಕಸದಾಗ ಒಗಿಯೋದು ಆಕಿಗೆ ಸಹಿಸೋದಿಲ್ಲ. ನನಗೂ ಸಹಿಸೋದಿಲ್ಲ.

ಉತ್ತರ ಒಂದೇ ಸಾಲಿನಾಗ ಹೇಳಬಹುದಿತ್ತು. ಆದ್ರ ಡಬ್ಬಿ ಮ್ಯಾಲೆ ಏನ ಬರದಿರತಾರ ನೋಡ್ರಿ: “ವೈರ್ ಇಲ್ಲ”, “ತಟ್ಟನೆ ಕಾಯತದ”, “60 ವ್ಯಾಟ್”. ಇವೆಲ್ಲಾ ಹೊಸಾ ಮಾತು ಅಲ್ಲ. ಒಂದೊಂದು ಮಾತಿನ ಹಿಂದೂ ಒಬ್ಬ ಮನಶ್ಯಾ, ಒಂದು ತೊಂದ್ರಿ, ಒಂದು ಕಾಲ ಅದ. ಅದು ತಿಳದ್ರ ಅಂಗಡಿಯವನ ಮುಂದ ನೀವ ಕುಂತು ಆರಿಸಬಹುದು, ನನ್ನ ಕೇಳೋದ ಬ್ಯಾಡ.

ಬೆಸಗಿ ಅಂದ್ರ ಏನು ಅನ್ನೋದಕ್ಕ ಮೊದಲ ಕಲಾಯಿ ಮಾಡಾಂವನ್ನ ನೆನಸ್ಕೋರಿ. ನಲವತ್ತು ದಾಟಿದವರೆಲ್ಲಾ ನೋಡೇ ಇರತೀರಿ. ಓಣಿ ಮೂಲ್ಯಾಗ ನೆಲದಾಗ ಕುಣಿ ತೋಡಿ, ಇದ್ದಲಿ ಹಾಕಿ, ತಿದಿ ಒತ್ತಿ ಕೆಂಡ ಮಾಡತಿದ್ದ. ಹಿತ್ತಾಳಿ ಪಾತೇಲಿ ಸರಿಯಾಗಿ ಕಾದ ಮ್ಯಾಲೆ ನವಸಾಗರದ ಪುಡಿ ಒಗದು, ತವರದ ಕಡ್ಡಿ ಮುಟ್ಟಿಸಿ, ಅರಳಿಲೆ ಗರ್ರಂತ ಒರಸಿದ್ರ ಬೆಳ್ಳಿ ಹಂಗ ಹೊಳೀತಿತ್ತು. ಬಿಳೀ ಹೊಗಿ ಮೂಗಿಗೆ ಹೊಡದು ನಾವೆಲ್ಲಾ ಹಿಂದ ಸರೀತಿದ್ವಿ, ಆದ್ರ ಮನಿಗೆ ಮಾತ್ರ ಹೋಗತಿದ್ದಿಲ್ಲ. ಅಲ್ಲೆ ಮೂರು ಕೆಲಸ ನಡೀತಿದ್ವು. ಒಂದು ಕಾವು. ಇನ್ನೊಂದು ಲೋಹದ ಮ್ಯಾಲಿನ ಕಿಲಬು ತಗಿಯೋ ಮದ್ದು, ಅದ ನವಸಾಗರ. ಮೂರನೇದು ಕರಗಿ ಹತ್ತಿಕೊಳ್ಳೋ ತವರ. ಸೋಲ್ಡರಿಂಗ್ ಅಂದ್ರೂ ಇಷ್ಟ. ನವಸಾಗರದ ಜಾಗಾದಾಗ ಪೈನ್ ಗಿಡದ ರಾಳ ಬಂತು, ತವರಕ್ಕ ಸೀಸ ಕೂಡಿಸಿದ್ರು. ಅಕ್ಕಸಾಲ್ಯಾರು ಬಂಗಾರ ಬೆಸಿಯೋವಾಗ ಅದ ಮದ್ದಿನ ಜಾಗಾಕ್ಕ ಬಿಳಿಗಾರ ಹಾಕತಾರ.

ಸೀಸ ಯಾಕ ಅಂದ್ರ, ಅದರಾಗ ಒಂದು ಮಜಾ ಅದ. ಬರೇ ತವರ ಕರಗಲಿಕ್ಕೆ 232 ಡಿಗ್ರಿ ಬೇಕು, ಬರೇ ಸೀಸಕ್ಕ 327. ಎರಡೂ ಕೂಡಿಸಿದ್ರ ನಡುವಿನ ಲೆಕ್ಕ ಬರಬೇಕಲ್ಲ? ಬರೋದಿಲ್ಲ. ನೂರು ಭಾಗದಾಗ 63 ತವರ, 37 ಸೀಸ ಕೂಡಿಸಿದ್ರ 183 ಡಿಗ್ರಿಗೇ ನೀರಾಗತದ. ಇದು ಇವತ್ತಿನವರು ಕಂಡುಹಿಡದದ್ದೂ ಅಲ್ಲ. ರೋಮಿನ ಪ್ಲೀನಿ ಒಂದನೇ ಶತಮಾನದಾಗ ಬರದ ಪುಸ್ತಕದಾಗ, ನೀರಿನ ಸೀಸದ ಕೊಳವಿ ಬೆಸೀಲಿಕ್ಕೆ 2 ಪಾಲು ಸೀಸ 1 ಪಾಲು ತವರ ಕೂಡಿಸತಿದ್ರು ಅಂತ ಹೇಳ್ಯಾನ. ಅಳತಿ ಬ್ಯಾರೆ, ಉಪಾಯ ಒಂದೇ.

ಆವಾಗಿಂದ ಕರೆಂಟ್ ಬರೋ ತನಕ ಬೆಸಗಿ ಹಾಕೋ ಸಾಮಾನು ಭಾಳ ಬದಲಾಗಲಿಲ್ಲ. ಕಬ್ಬಿಣದ ಸಳಿ ತುದಿಗೆ ಒಂದು ತಾಮ್ರದ ಗಟ್ಟಿ, ಹಿಡೀಲಿಕ್ಕೆ ಕಟಗಿ ಹಿಡಕಿ. ಚಿಮಣಿ ದೀಪ, ಎಣ್ಣಿ ಅಳತಿ ಡಬ್ಬಿ ಮಾಡೋರ ಕಡೆ ಇಂಥಾವು ಎರಡು ಇರತಿದ್ವು, ಒಂದು ಕೆಂಡದಾಗ, ಒಂದು ಕೈಯಾಗ. ಕೈಯಾಗಿಂದು ತಣ್ಣಗಾಗೋದ್ರಾಗ ಕೆಂಡದಾಗಿಂದು ತಯಾರು. ತಾಮ್ರದ ಗಟ್ಟಿ ಅಷ್ಟ ದಪ್ಪ ಯಾಕ ಅಂದ್ರ ಅದು ಕಾವಿನ ಕಣಜ. ರೊಟ್ಟಿ ಬಡಿಯೋರಿಗೆ ಇದು ಬಿಡಿಸಿ ಹೇಳೋದು ಬ್ಯಾಡ. ತೆಳ್ಳನ ಹಂಚು ಲಗೂನ ಕಾಯತದ, ಆದ್ರ ಹಸಿ ರೊಟ್ಟಿ ಬಿದ್ದ ಕೂಡ್ಲೆ ಹಂಚ ತಣ್ಣಗಾಗತದ. ದಪ್ಪ ಹಂಚು ತಡಾ ಮಾಡಿ ಕಾಯತದ, ಆದ್ರ ಹಿಡಕೊಂಡು ಕೂಡತದ. ತಾಮ್ರದ ತುದಿ ವೈರಿಗೆ ಮುಟ್ಟಿದಾಗ ಆಗೋದೂ ಇದ. ವೈರು ಕಾವು ಕುಡದುಬಿಡತದ. ಹಂಗಾಗಿ ಐರನ್ ಎಷ್ಟು ಕಾಯತದ ಅನ್ನೋದಕ್ಕಿಂತ, ಕಳಕೊಂಡ ಕಾವು ಎಷ್ಟು ಲಗೂ ತುಂಬಿಕೋತದ ಅನ್ನೋದ ಮುಖ್ಯ. ಈ ಮಾತು ಒಂದು ನೆನಪಿಟ್ಟುಕೋರಿ, ಮುಂದ ಆರಿಸೋವಾಗ ಇದರ ಮ್ಯಾಲೇ ನಿಂತದ.

ಕರೆಂಟ್ ಬಂದ ಮ್ಯಾಲೆ ಸೋಲ್ಡರಿಂಗ್ ಐರನ್ನೂ ನಮ್ಮ ಇಸ್ತ್ರಿ ಪೆಟ್ಟಿಗಿನೂ ಅಕ್ಕ ತಂಗಿ ಹಂಗ ಬೆಳದಾವ. ಕರೆಂಟಿನ ಇಸ್ತ್ರಿಗೆ ನ್ಯೂಯಾರ್ಕಿನ ಹೆನ್ರಿ ಸೀಲಿ 1882ರಾಗ ಪೇಟೆಂಟ್ ತಗೊಂಡ. ಆದ್ರ ಆವಾಗ ಒಳಗಿನ ಕಾಯೋ ತಂತಿ ಲಗೂನ ಸುಟ್ಟು ಹೋಗತಿತ್ತು. 1906ರಾಗ ಆಲ್ಬರ್ಟ್ ಮಾರ್ಶ್ ಅನ್ನಾಂವ ನಿಕಲ್ ಮತ್ತ ಕ್ರೋಮಿಯಂ ಕೂಡಿಸಿದ ತಂತಿಗೆ ಪೇಟೆಂಟ್ ತಗೊಂಡ, ಅದ ನಿಕ್ರೋಮ್. ಕೆಂಪಗ ಕಾದ್ರೂ ಉದುರೋದಿಲ್ಲ. ಟೋಸ್ಟರ್, ಇಸ್ತ್ರಿ, ಕರೆಂಟ್ ಒಲಿ ಎಲ್ಲಾ ಮನಿಮನಿಗೆ ಬಂದದ್ದು ಈ ಒಂದು ತಂತಿ ಪುಣ್ಯದಿಂದ. ಅಮೇರಿಕಾದ ಡೆಟ್ರಾಯಿಟ್ ಊರಿನ ಅಮೇರಿಕನ್ ಎಲೆಕ್ಟ್ರಿಕಲ್ ಹೀಟರ್ ಕಂಪನಿ “ಅಮೇರಿಕನ್ ಬ್ಯೂಟಿ” ಅನ್ನೋ ಒಂದೇ ಹೆಸರಿನ ಮ್ಯಾಲೆ ಅರಬಿ ಇಸ್ತ್ರಿ ಮಾಡೋದೂ ಮಾರತಿತ್ತು, ಸೋಲ್ಡರಿಂಗ್ ಮಾಡೋದೂ ಮಾರತಿತ್ತು. ಇಂಗ್ಲಿಷಿನಾಗ ಎರಡಕ್ಕೂ “ಐರನ್” ಅಂತನ ಕರೀತಾರಲ್ಲ. ಒಂದು ಹೆಂಗಸರ ಸಾಮಾನು, ಇನ್ನೊಂದು ಗಂಡಸರ ಸಾಮಾನು ಅಂತ ಆಮ್ಯಾಲೆ ಯಾರು ಯಾವಾಗ ಹಂಚಿದ್ರೋ ಏನೋ. ಜರ್ಮನಿಯಾಗ ಅರ್ನ್‌ಸ್ಟ್ ಝಾಕ್ಸ್ 1921ರಾಗ ಕಾರ್ಖಾನಿಯಾಗ ಸಾಲಾಗಿ ತಯಾರಾಗೋ ಕರೆಂಟ್ ಐರನ್ ಮಾಡಿ, ತನ್ನ ಹೆಸರಿನ ಮೊದಲಿನ ಅಕ್ಷರ ಕೂಡಿಸಿ ಎರ್ಸಾ ಅಂತ ಕಂಪನಿ ಹೆಸರಿಟ್ಟ. ಅದು ಇನ್ನೂ ನಡದದ.

ಹಂಚಿಕಿ ಮಾತು ಬಂತಂತ ಹೇಳತೀನಿ. 1920ರಿಂದ ಮುಂದ ಫಿಲಡೆಲ್ಫಿಯಾದ ರೇಡಿಯೋ ಕಾರ್ಖಾನಿಗಳೊಳಗ ಸಾಲಾಗಿ ಕುಂತು ವೈರು ಜೋಡಿಸಿ ಬೆಸಗಿ ಹಾಕತಿದ್ದವರೊಳಗ ಹೆಣ್ಣುಮಕ್ಕಳು ಭಾಳ ಇದ್ರು. ಬೆರಳು ಸಣ್ಣ, ಸಹನಾ ಜಾಸ್ತಿ ಅಂತ ಮಾಲಕರ ಲೆಕ್ಕ. ಪಗಾರ ಮಾತ್ರ ಗಂಡಸರಕಿಂತ ಕಡಿಮಿ. ಕಾರ್ಖಾನಿಯಾಗ ಬೆಸದದ್ದು ಅವರು, ಅದ ರೇಡಿಯೋ ಕೆಟ್ಟ ಮ್ಯಾಲೆ ರಿಪೇರಿ ಅಂಗಡಿಯಾಗ ಕುಂತದ್ದು ಗಂಡಸರು. “ಇದು ನಮ್ಮಂಥವರ ಕೆಲಸ ಅಲ್ಲ ಬಿಡ” ಅಂತ ನಾದಿನಿ ಅಂದಾಗ ನನಗ ಇದ ನೆನಪಾತು.

ಅಂಗಡಿಯವರಿಗೆ ಒಂದು ಬ್ಯಾರೆ ತ್ರಾಸ ಇತ್ತು. ಐರನ್ ಕಾಯೋದಕ್ಕ ಹಲವು ನಿಮಿಷ ಹಿಡೀತಿತ್ತು. ಒಂದು ವೈರಿನ ಸಲುವಾಗಿ ಅಷ್ಟೊತ್ತು ಕೂಡಬೇಕು, ಇಲ್ಲಾ ದಿನಾ ಪೂರ್ತಿ ಹಚ್ಚಿಟ್ಟು ಕರೆಂಟ್ ಸುಡಬೇಕು. ಪೆನ್ಸಿಲ್ವೇನಿಯಾದ ಈಸ್ಟನ್ ಊರಾಗ ಕಾರ್ಲ್ ವೆಲ್ಲರ್ ಅಂತ ಒಬ್ಬ ರೇಡಿಯೋ ರಿಪೇರಿ ಮಾಡಾಂವ ಇದ್ದ. ಕಾದು ಕಾದು ಬ್ಯಾಸತ್ತು ಆತ ಪಿಸ್ತೂಲಿನಂಥಾದು ಒಂದು ಮಾಡಿದ. ಒಳಗ ಟ್ರಾನ್ಸ್‌ಫಾರ್ಮರ್, ಮುಂದ ತಾಮ್ರದ ಒಂದು ಕುಣಿಕಿ. ಒಂದು ವೋಲ್ಟಿಗಿಂತ ಕಡಿಮಿ, ಆದ್ರ ನೂರು ಆಂಪಿಯರ್ ಮೀರಿದ ಕರೆಂಟ್ ಆ ಕುಣಿಕ್ಯಾಗ ಹರಿದು ಕೆಲವು ಸೆಕೆಂಡಿನಾಗ ಕಾಯತಿತ್ತು. ಬಟನ್ ಬಿಟ್ರ ಬಂದ್. 1941ರಾಗ ಅರ್ಜಿ ಹಾಕಿದ, 1946ರಾಗ ಪೇಟೆಂಟ್ ಸಿಕ್ತು. “ತಟ್ಟನೆ ಕಾಯತದ” ಅನ್ನೋ ಮಾತಿನ ತವರು ಇದ. ಆದ್ರ ಅದಕ್ಕೊಂದು ಸುಂಕ ಕಟ್ಟಬೇಕಾತು: ಟ್ರಾನ್ಸ್‌ಫಾರ್ಮರಿನ ಭಾರ, ಮತ್ತ ಕಾವು ಎಷ್ಟಕ್ಕ ನಿಂದರಬೇಕು ಅನ್ನೋ ಹತೋಟಿ ಇಲ್ಲ. ದಪ್ಪ ವೈರಿಗೆ ಛೊಲೋ, ಸಣ್ಣ ಬೋರ್ಡಿಗೆ ಬ್ಯಾಡ.

ನಮ್ಮ ಕಡೆ ಈ ಕಥಿ ಸ್ವಲ್ಪ ತಡಾ ಸುರು ಆತು. ಧಾರವಾಡ ಆಕಾಶವಾಣಿ ಬಂದದ್ದು 1950ರ ಜನವರಿ 8ಕ್ಕ. ಆಮ್ಯಾಲೆ ಮನಿಮನಿಗೆ ರೇಡಿಯೋ, ಓಣಿಗೊಂದು ರಿಪೇರಿ ಅಂಗಡಿ. ನಾ ಸಣ್ಣಾಕಿದ್ದಾಗ ನಮ್ಮ ಓಣಿಯ ಅಂಗಡಿ ಮುಂದ ನಿಂತ್ರ ರಾಳದ ವಾಸನಿ ಬರತಿತ್ತು, ಊದಿನಕಡ್ಡಿಗಿಂತ ನನಗ ಅದ ಸೇರತಿತ್ತು. 230 ವೋಲ್ಟಿನ 25 ವ್ಯಾಟಿನ ಉದ್ದನೆ ಐರನ್, ಗೋಡಿಗೆ ಕಟ್ಟಿಹಾಕಿದ ದನದ ಹಂಗ ಅದರ ವೈರು. ಅದು ಈಗೂ ಸಿಗತದ, ಭಾಳ ಸೋವಿ, ಕೆಡೋದೂ ಅಪರೂಪ.

ಕಾವಿನ ಹತೋಟಿ ಹೆಂಗ ಬಂತು ಅನ್ನೋದು ಅಡಗಿಮನಿಯವರು ಲಗೂ ತಿಳಕೋತಾರ. ಕರೆಂಟಿನ ಅನ್ನದ ಕುಕ್ಕರ್ ಅನ್ನ ಆದ ಕೂಡ್ಲೆ “ಟಕ್” ಅಂತದಲ್ಲ, ಅದರ ತಳದಾಗ ಒಂದು ಅಯಸ್ಕಾಂತ ಇರತದ. ನೀರು ಇಂಗಿ ಕಾವು 100 ಡಿಗ್ರಿ ದಾಟತಿದ್ದಂಗ ಅದರ ಹಿಡಿತ ಹೋಗತದ, ಸ್ವಿಚ್ ಕೆಳಗ ಬೀಳತದ. ವೆಲ್ಲರ್ ಕಂಪನಿಯವರೂ ಇಂಥಾದ ಉಪಾಯ ಮಾಡಿದ್ರು. ತುದಿಯಾಗ ಒಂದು ಲೋಹದ ಚೂರು, ಗೊತ್ತಾದ ಕಾವಿಗೆ ಅಯಸ್ಕಾಂತ ಅದನ್ನ ಬಿಟ್ಟುಬಿಡತದ, ಕರೆಂಟ್ ಬಂದ್ ಆಗತದ, ತಣ್ಣಗಾದ್ರ ಮತ್ತ ಹಿಡೀತದ. ತುದಿ ಮ್ಯಾಲೆ 6, 7, 8 ಅಂತ ಅಂಕಿ. 7 ಅಂದ್ರ 700 ಫ್ಯಾರನ್‌ಹೀಟ್, ನಮ್ಮ ಲೆಕ್ಕದಾಗ 370 ಡಿಗ್ರಿ. ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ, ಎಂಥಾ ಛೊಲೋ ಬುದ್ಧಿ ನೋಡ್ರಿ. ಆದ್ರ ಅದಕ್ಕೊಂದು ದೊಡ್ಡ ಡಬ್ಬಿ ಬೇಕು, ಮೇಜು ಬಿಟ್ಟು ಕದಲೋದಿಲ್ಲ.

ಹಂಗಾರ ಒಯ್ಯೋವಂಥಾದು? 1970ರ ದಶಕದಾಗ ಅಮೇರಿಕಾದ ವಾಲ್ ಕಂಪನಿ ಬ್ಯಾಟರಿ ಐರನ್ ತಂತು. ಹೌದ್ರಿ, ಕೂದಲಾ ಕತ್ತರಿಸೋ ಮಷಿನಿನ ಅದ ವಾಲ್. ವೈರಿಲ್ಲದ ಟ್ರಿಮ್ಮರ್ ಮಾಡಿ ಬ್ಯಾಟರಿ ವಿದ್ಯಾ ಅವರಿಗೆ ಬಂದಿತ್ತು, ಅದನ್ನ ಇಲ್ಲೆ ಹಚ್ಚಿದ್ರು. ಕೆಲಸಕ್ಕ ಬರತಿತ್ತು, ಆದ್ರ ಸ್ವಲ್ಪ ಬೆಸಗಿ ಹಾಕಿದ ಮ್ಯಾಲೆ ಮತ್ತ ಚಾರ್ಜಿಗೆ ಇಡಬೇಕು. ಈಗ ಸಿಗೋ ಪೆನ್ಸಿಲ್ ಸೆಲ್ ಹಾಕೋ ಸೋವಿ ಐರನ್ ಇದರ ಬಡ ಮೊಮ್ಮಗಳು. ಹುಡುಗರ ಆಟಿಗಿಯ ಎಳಿ ಹಂಗ ಇರೋ ವೈರು ಬಿಟ್ರ ಮತ್ತೇನಕ್ಕೂ ಆಗೋದಿಲ್ಲ. ನೀವು ಅದನ್ನ ತಗೋಬ್ಯಾಡ್ರಿ.

1980ರ ದಶಕದಾಗ ಐರ್ಲೆಂಡಿನ ಕಾರ್ಲೋ ಊರಿನ ಓಗಲ್ಸ್‌ಬಿ ಅಂಡ್ ಬಟ್ಲರ್ ಅನ್ನೋ ಕಂಪನಿ ಪೋರ್ಟಾಸೋಲ್ ಅಂತ ಮಾಡಿತು. ಲೈಟರಿನಾಗ ಹಾಕೋ ಬ್ಯೂಟೇನ್ ಗ್ಯಾಸ್ ಇದರ ಹೊಟ್ಟ್ಯಾಗ ತುಂಬಬೇಕು. ವಿಶೇಷ ಏನಂದ್ರ, ಕೆಲಸ ನಡದಾಗ ಜ್ವಾಲಿ ಕಾಣೋದಿಲ್ಲ. ಒಳಗಿನ ಒಂದು ಜಾಳಗಿಯಂಥಾದರ ಮ್ಯಾಲೆ ಗ್ಯಾಸ್ ಸುಮ್ಮನ ಉರದು ಕಾವು ಕೊಡತದ. ವೈರಿಲ್ಲ, ಬ್ಯಾಟರಿ ಇಲ್ಲ, ಹೊಲದಾಗ ಪಂಪಿನ ಪೆಟ್ಟಿಗಿ ಮುಂದ ನಿಂತು ಬೆಸಗಿ ಹಾಕಬಹುದು. ಖರೇ ಅಂದ್ರ ನೂರು ವರ್ಷದ ಆಮ್ಯಾಲೆ ಇದ್ದಲಿ ಒಲಿನ ಹಿಡಕಿ ಒಳಗ ಹೊಕ್ಕಿತ್ತು. ಆದ್ರ ಪಕ್ಕಕ್ಕ ಬಿಸಿ ಗಾಳಿ ಬರತದ, ಕಾವು ಇಷ್ಟ ಇರಬೇಕು ಅಂತ ಹೇಳಲಿಕ್ಕೆ ಬರೋದಿಲ್ಲ, ಸಣ್ಣ ಹುಡುಗರಿರೋ ಮನ್ಯಾಗ ಗ್ಯಾಸ್ ಡಬ್ಬಿ ಮತ್ತೊಂದು ಚಿಂತಿ.

ನಾವು ಈಗ ತಗೋಳೋ ಪೆನ್ನಿನಂಥಾ ಐರನ್ ಬಂದದ್ದು ಇತ್ತೀಚಿಗೆ. 2016–17ರ ಸುಮಾರಿಗೆ ಚೀನಾದ ಮಿನಿವೇರ್ ಕಂಪನಿ ಟಿಎಸ್100 ಅಂತ ತಂತು. ಕಾಯೋ ತಂತಿ, ಕಾವು ಅಳಿಯೋ ಸಾಮಾನು ಎರಡೂ ತುದಿಯೊಳಗ ಕೂತಾವ, ಹಿಡಕ್ಯಾಗ ಒಂದು ಚಿಪ್ಪು, ಒಂದು ಸಣ್ಣ ಪಡದೆ. ಲ್ಯಾಪ್‌ಟಾಪ್ ಚಾರ್ಜರಿಗೆ ಹಚ್ಚಿದ್ರ ಅರ್ಧ ನಿಮಿಷದೊಳಗ ತಯಾರು. ಅದರ ಒಳಗಿನ ಪ್ರೋಗ್ರಾಮನ್ನ ರಾಲಿಮ್ ಅನ್ನೋ ಹೆಸರಿಲೆ ಬರೆಯೋ ಒಬ್ಬರು ತಮ್ಮ ಹವ್ಯಾಸಕ್ಕ ಹೊಸದಾಗಿ ಬರದು ಎಲ್ಲಾರಿಗೂ ಪುಕ್ಕಟ ಕೊಟ್ರು. 2020ರಾಗ ಪೈನ್64 ಅನ್ನೋರು ಪೈನ್‌ಸಿಲ್ ತಂದ್ರು, ಬೆಲಿ ಸುಮಾರು 25 ಡಾಲರ್, ಅದ ಪುಕ್ಕಟ ಪ್ರೋಗ್ರಾಮ್, ಟಿಎಸ್100ರ ತುದಿ ಇದಕ್ಕೂ ಹೊಂದತದ, ಜೊತಿಗೆ ಯುಎಸ್‌ಬಿ-ಸಿ ಚಾರ್ಜರಿನ ಮ್ಯಾಲೆ ನಡೀತದ. ನನಗ ಭಾಳ ಸೇರಿದ್ದು ಬ್ಯಾರೇನ ಅದ: ಕೆಳಗಿಟ್ಟು ಸ್ವಲ್ಪ ಹೊತ್ತು ಮುಟ್ಟದಿದ್ರ ಅದಕ್ಕ ತಾನಾಗೇ ಗೊತ್ತಾಗಿ ತಣ್ಣಗಾಗತದ. ಬಾಗಲಾಗ ಯಾರೋ ಕರದ್ರು ಅಂತ ಎದ್ದು ಹೋಗೋರಿಗೆ ಇದು ದೊಡ್ಡ ಉಪಕಾರ.

ಹಂಗಾಗಿ ಮೂವರಿಗೂ ನಾ ಹೇಳೋದು ಈ ಜಾತಿದ. ಆದ್ರ ಐರನ್ನಿಗಿಂತ ಮೊದಲ ಮನ್ಯಾಗಿನ ಚಾರ್ಜರ್ ತಗದು ನೋಡ್ರಿ, ಎಲ್ಲಾರೂ ಕೈ ಸುಟ್ಟುಕೊಳ್ಳೋದು ಅಲ್ಲೇ. ಇಂಥಾ ತುದಿಯ ತಡೆ ಸುಮಾರು 8 ಓಮ್. ವೋಲ್ಟ್ ಅರ್ಧ ಆದ್ರ ಕಾವು ಅರ್ಧ ಅಲ್ಲ, ಕಾಲು ಭಾಗ ಆಗತದ. 20 ವೋಲ್ಟಿಗೆ 50 ವ್ಯಾಟ್ ಬರತದ, 12ಕ್ಕ 18, ಮೊಬೈಲಿನ 9 ವೋಲ್ಟ್ ಚಾರ್ಜರಿಗೆ ಬರೇ 10. ಹತ್ತು ವ್ಯಾಟಿನಾಗ ತುದಿ ಹೆಂಗೋ ತ್ರಾಸ ಪಟ್ಟು ಕಾಯತದ, ವೈರಿಗೆ ಮುಟ್ಟಿದ ಕೂಡ್ಲೆ ಜೀವಾ ಬಿಡತದ, ತೆಳ್ಳನ ಹಂಚಿನ ಕಥಿ. ಮ್ಯಾಲೆ “80 ವ್ಯಾಟ್” ಅಂತ ದೊಡ್ಡದಾಗಿ ಬರದ ಮೊಬೈಲ್ ಚಾರ್ಜರ್ ನಂಬಬ್ಯಾಡ್ರಿ. ಅಂಥಾ ಭಾಳ ಚಾರ್ಜರ್ ಆ ಶಕ್ತಿ ತಮ್ಮ ಕಂಪನಿ ಫೋನಿಗಷ್ಟ ಕೊಡತಾವ, ಬ್ಯಾರೆಯವರಿಗೆ ಕೈ ಬಿಗಿ. ಚಾರ್ಜರಿನ ಬೆನ್ನ ಮ್ಯಾಲೆ ಸಣ್ಣ ಅಕ್ಷರದಾಗ 20 ವೋಲ್ಟ್, 3.25 ಆಂಪಿಯರ್ ಅಂತ ಇರಬೇಕು. ಈಗಿನ ಯುಎಸ್‌ಬಿ-ಸಿ ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್ ಬಹಳ ಮನ್ಯಾಗ ಇದ್ದ ಇರತದ, ಅದು ಸಾಕು. 20 ವೋಲ್ಟ್ ಕೊಡೋ ಪವರ್‌ಬ್ಯಾಂಕ್ ಇದ್ರ ಕರೆಂಟ್ ಹೋದಾಗೂ ಕೆಲಸ ನಡೀತದ. ನಾದಿನಿ ಊರಾಗ ಹೊಲದ ಕೆಲಸ ಅದ, ಅಲ್ಲೆ ಗ್ಯಾಸಿಂದ ಛೊಲೋ. ಮೌಶಿ ಒಂದು ಮೂಲ್ಯಾಗ ಕುಂತ ಮಾಡತೀನಿ ಅಂದ್ರ 25 ವ್ಯಾಟಿನ ಹಳೇದೂ ನಡೀತದ, ಆದ್ರ ಆಕಿ ಅಟ್ಟದ ಮ್ಯಾಲಿನ ಲೈಟು, ಗೇಟಿನ ಗಂಟಿ ಎಲ್ಲಾ ಮಾಡಾಕಿ. ಆಕಿಗೆ ಪೆನ್ನಿನಂಥಾದ ಬೇಕು.

ಇನ್ನ ಸೀಸದ ಮಾತು. ಇದನ್ನ ಓದದ ಯಾರೂ ಐರನ್ ಹಚ್ಚಬ್ಯಾಡ್ರಿ. ಸೋಲ್ಡರಿಂಗ್ ಮಾಡೋವಾಗ ಏಳೋ ಹೊಗಿ ರಾಳದ್ದು, ಆ ಕಾವಿಗೆ ಸೀಸ ಆವಿ ಆಗೋದಿಲ್ಲ. ಆದ್ರ ಹೊಗಿ ಉಬ್ಬಸ ಇದ್ದವರಿಗೆ ಕೆಟ್ಟದ್ದು, ಕಿಡಕಿ ತಗದು ಕೂಡ್ರಿ. ಸೀಸ ಒಳಗ ಹೋಗೋದು ಕೈಯಿಂದ. ಬೆಸಗಿ ತಂತಿ ಹಿಡದ ಕೈಲೆ ಚುರುಮುರಿ ತಿಂದ್ರ ಹೋತು. ಅಡಗಿಮನಿ ಕಟ್ಟಿ ಮ್ಯಾಲೆ ಈ ಕೆಲಸ ಬ್ಯಾಡ, ಮುಗದ ಮ್ಯಾಲೆ ಸಾಬಾಣ ಹಚ್ಚಿ ಕೈ ತೊಳೀರಿ, ಉದುರಿದ ಹನಿ ಒದ್ದಿ ಕಾಗದದಾಗ ಒರಸಿ ತಗೀರಿ. ಬಸುರಿದ್ದವರು, ಅಂಬೆಗಾಲಿಡೋ ಕೂಸಿದ್ದವರು ಸೀಸ ಇಲ್ಲದ ತಂತಿನ ತರಿಸಿಕೋರಿ. ಯುರೋಪಿನಾಗ 2006ರ ಜುಲೈ 1ರಿಂದ ಬಹುತೇಕ ಎಲೆಕ್ಟ್ರಾನಿಕ್ ಸಾಮಾನಿಗೆ ಸೀಸದ ಬೆಸಗಿ ಬಂದ್ ಮಾಡ್ಯಾರ. ತವರ, ಬೆಳ್ಳಿ, ತಾಮ್ರ ಕೂಡಿದ ತಂತಿ ಸಿಗತದ. 217 ಡಿಗ್ರಿ ದಾಟಿದ ಮ್ಯಾಲೆ ಕರಗತದ, ಹಂಗಾಗಿ ಸೊರಗಿದ ಐರನ್ ನಡಿಯೋದಿಲ್ಲ, ವ್ಯಾಟ್ ಬೇಕು. ಮತ್ತ ಯಾರರೆ “ಹೆಂಗೂ ಬೆಸಗಿ ಬಂತು, ಸೋರೋ ಚಹಾದ ಪಾತೇಲಿಗೂ ಒಂದು ಹನಿ ಹಾಕೋಣು” ಅಂದೀರಿ! ಎಲೆಕ್ಟ್ರಾನಿಕ್ಸಿನ ಬೆಸಗಿ ಉಣ್ಣೋ ತಿನ್ನೋ ಪಾತ್ರಿಗೆ ಎಂದೆಂದೂ ಬ್ಯಾಡ. ಕಲಾಯಿಗೆ ಶುದ್ಧ ತವರನ ಬೇಕು ಅಂತ ಹಿಂದಿನವರು ತಂಟಿ ಮಾಡತಿದ್ದದ್ದು ಸುಮ್ಮನ ಅಲ್ಲ, ಸೋವಿ ಆಗಲಿ ಅಂತ ಸೀಸ ಬೆರಸೋರು ಆವಾಗೂ ಇದ್ರು.

ಮುಟ್ಟಬಾರದ ಸಾಮಾನೂ ಅವ. ಮೈಕ್ರೋವೇವ್ ಪ್ಲಗ್ ತಗದ್ರೂ ಒಳಗ ಜೀವಾ ತಗಿಯೋವಷ್ಟು ಕರೆಂಟ್ ಹಿಡಕೊಂಡಿರತದ, ಅದನ್ನ ಬಿಚ್ಚಬ್ಯಾಡ್ರಿ. ಲಿಥಿಯಂ ಬ್ಯಾಟರಿ ಮೈಗೆ ನೇರ ಐರನ್ ಹಿಡಿಬ್ಯಾಡ್ರಿ, ಉರಿ ಹತ್ತತದ. ಗ್ವಾಡಿ ಪ್ಲಗ್ಗಿನ್ಯಾಗ ಇರೋದು ಏನೂ ಬಿಚ್ಚೋದು ಬ್ಯಾಡ.

ಐರನ್ ಬಂದ ದಿವಸ ಮೊದಲ ಮಾಡೋ ಕೆಲಸ ತುದಿಗೆ ಕಲಾಯಿ. ಹೌದು, ಅದಕ್ಕೂ ಕಲಾಯಿನ. ಮೊದಲ ಸಲ ಕಾಯೋವಾಗ ಬೆಸಗಿ ತಂತಿ ಮುಟ್ಟಿಸಿ ತುದಿ ಸುತ್ತ ಹೊಳಪು ಬರೋಹಂಗ ಮಾಡಬೇಕು. ಕಪ್ಪಗಾತು ಅಂತ ಅರದಲೆ, ಸ್ಯಾಂಡ್‌ಪೇಪರಿಲೆ ತಿಕ್ಕಬ್ಯಾಡ್ರಿ. ತಾಮ್ರ ತವರದಾಗ ಕರಗತದ ಅಂತ ಮ್ಯಾಲೆ ಕಬ್ಬಿಣದ ತೆಳು ಪದರ ಕೊಟ್ಟಿರತಾರ, ಅದು ಹೋದ್ರ ತುದಿನ ಹೋತು. ಹಿತ್ತಾಳಿ ತಂತಿಯ ನಾರು ಇಟ್ಟುಕೊಂಡು ಚುಚ್ಚಿ ತಗದ್ರ ಸಾಕು. ಕೆಲಸ ಮುಗಿಸಿ ಬಂದ್ ಮಾಡೋವಾಗ ತುದಿ ಮ್ಯಾಲೆ ಒಂದು ಹನಿ ಬೆಸಗಿ ಹಂಗ ಬಿಡ್ರಿ, ಒರಸಬ್ಯಾಡ್ರಿ. ಮುಂದಿನ ಸಲ ಹಚ್ಚಿದಾಗ ಆ ಹನಿ ಒರಸಿದ್ರ ಒಳಗ ತುದಿ ಫಳಫಳ ಅಂತಿರತದ.